ಉಪ್ಪಕ್ಕನ ಸೀಸೆಗಳು

ಊರಿನವರು ಅವಳನ್ನು ಕರೆಯುವುದೇ ಉಪ್ಪಕ್ಕ ಎಂದು. ನದಿಯಲ್ಲಿ ಉಪ್ಪೆಷ್ಟಿದೆ ಎಂದು ಅಳೆಯುವುದು ಅವಳ ಕೆಲಸ. ಮನೆಯ ಅಡುಗೆಗೆ ಉಪ್ಪು ಹಾಕಲು ಮರೆಯುವುದು ಅವಳ ಅಭ್ಯಾಸ. ಗಂಡ ಈ ಎರಡನ್ನೂ ಜೋಡಿಸಿ ಹಂಗಿಸದ ದಿನವಿಲ್ಲ, ಅವಳು ಅದನ್ನು ಕಿವಿಗೆ ಹಾಕಿಕೊಂಡ ದಿನವೂ ಇಲ್ಲ.

ಈ ಸಲದ ಕೆಲಸ ಮಾತ್ರ ತಮಾಷೆಯದಲ್ಲ. ನದಿಗೆ ಮೇಲುಗಡೆ ಹೊಸ ಅಣೆಕಟ್ಟು ಎದ್ದಿತ್ತು. ಅದರ ಗೇಟು ಇಳಿಸಿದರೆ ಸಿಹಿನೀರು ಕಡಿಮೆಯಾಗಿ ಸಮುದ್ರದ ನೀರು ಒಳನುಗ್ಗಬಹುದು, ಊರಿನ ಬಾವಿಗಳು ಕೆಡಬಹುದು. ಹಾಗಾಗಿ ಈಗ ನದಿಯಲ್ಲಿರುವ ಉಪ್ಪಿನ ಮಟ್ಟವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆ ಅಳತೆಯೇ ತಪ್ಪಿ ಹೆಚ್ಚು ಬಂತೋ, ನಾಳೆ ಊರು ಎಷ್ಟೇ ಬಾಯಿ ಬಡಿದುಕೊಂಡರೂ 'ಮೊದಲೇ ಹಾಗಿತ್ತಲ್ಲ' ಎಂದು ಅಣೆಕಟ್ಟಿನವರು ಕೈ ತೊಳೆದುಕೊಳ್ಳುತ್ತಾರೆ.

ಅಂಥ ಹೊತ್ತಿನಲ್ಲೇ ಅಳತೆ ಕೈಕೊಟ್ಟಿತು. ಪ್ರತಿ ಸೀಸೆಯನ್ನೂ ನದಿಯ ನೀರಿನಲ್ಲೇ ಚೆನ್ನಾಗಿ ಗಲಬರಿಸಿ ಆಮೇಲೆ ತುಂಬಿ ತಂದಿದ್ದಳು. ಆದರೂ ಎಲ್ಲವೂ ಉಪ್ಪು. ಸಮುದ್ರದ ಹತ್ತಿರದ್ದು ಹಾಗಿರಲಿ, ಉಬ್ಬರದ ನೀರು ಎಂದೂ ತಲುಪದ ಗುಡ್ಡದ ಬುಡದ್ದೂ ಉಪ್ಪೇ!

ಅಣೆಕಟ್ಟಿನ ಎಂಜಿನಿಯರಿಗೆ ಹಾಲು ಕುಡಿದಷ್ಟು ಸಂತೋಷ. "ನದಿ ಮೊದಲಿಂದ್ಲೂ ಉಪ್ಪು ಅಂತಾಯ್ತಲ್ಲಮ್ಮಾ. ಸೋಮವಾರ ಗೇಟು ಇಳಿಸ್ತೀವಿ."

"ಸಮುದ್ರ ಏನು ಗುಡ್ಡ ಹತ್ತೋಕೆ ಹೋಗಿತ್ತಾ ಸಾರ್?" ಎಂದಳು ಉಪ್ಪಕ್ಕ.

ತಲೆ ಕೆಡಿಸಿಕೊಂಡು ಮನೆಗೆ ಬಂದರೆ, ಗಂಡನ ಅಪ್ಪ ಹಿತ್ತಲಿನ ನಲ್ಲಿಯ ಬಳಿ ಕುಕ್ಕುರುಗಾಲಲ್ಲಿ ಕೂತು ಅವಳ ಸೀಸೆಗಳನ್ನು ತಿಕ್ಕುತ್ತಿದ್ದರು. ಸೊಸೆಗೆ ನೆರವಾಗುವುದೆಂದರೆ ಅವರಿಗೆ ಪ್ರಾಣ.

"ನೋಡಮ್ಮಾ, ಕೆಸರಿನ ವಾಸನೆ ಒಂಚೂರೂ ಇಲ್ಲ! ದಿನಾ ಕಲ್ಲುಪ್ಪು ಹಾಕಿ ತಿಕ್ಕಿಡ್ತೀನಿ. ಮುಚ್ಚಳದ ರಬ್ಬರ್ ಬಿಲ್ಲೆ ಇದೆಯಲ್ಲ, ಅದರ ಹಿಂದೇನೂ ಒಂದೊಂದು ಚಿಟಿಕೆ ಇಟ್ಟಿದ್ದೀನಿ. ವಾಸನೆ ಮತ್ತೆ ಬರಬಾರದು ನೋಡು."

ಸೀಸೆ ತೊಳೆಯುತ್ತಿದ್ದಳೇ ಹೊರತು ಬಿಲ್ಲೆ ಬಿಚ್ಚಿ ನೋಡುವ ಬುದ್ಧಿ ಅವಳಿಗೆ ಬಂದಿರಲಿಲ್ಲ. ಉಪ್ಪಕ್ಕನಿಗೆ ನಗುವೂ ಬಂತು, ಅಳುವೂ ಬಂತು.

"ಮಾವ, ಇಡೀ ನದಿಗೇ ಉಪ್ಪು ಹಾಕಿಬಿಟ್ರಲ್ಲ!"

ವಿಷಯ ತಿಳಿದಾಗ ಮುದುಕರ ಮುಖ ಬಿಳಿಚಿಕೊಂಡಿತು. ಬೇಡವೆಂದರೂ ಕೇಳದೆ ಮರುದಿನ ಕಚೇರಿಗೆ ಅವಳ ಹಿಂದೆಯೇ ಬಂದರು. ಅವರ ತಪ್ಪೊಪ್ಪಿಗೆ ಕೇಳಿ ಎಂಜಿನಿಯರ್ ಬಿದ್ದು ಬಿದ್ದು ನಕ್ಕು, "ಅದಕ್ಕೆಲ್ಲ ಗೇಟು ನಿಲ್ಲಿಸೋಕಾಗುತ್ತಾ?" ಎಂದರು.

"ನಿಲ್ಲಿಸಬೇಡಿ. ಹೊಸ ಸೀಸೆ ಕೊಡಿ, ಭಾನುವಾರ ನಿಮ್ಮವರನ್ನೂ ದೋಣಿಗೆ ಕಳಿಸಿ. ಅವರ ಕೈಯಿಂದಲೇ ತುಂಬಿಸ್ತೀನಿ," ಎಂದಳು ಉಪ್ಪಕ್ಕ. ಇದಕ್ಕೆ ಅವರು ಒಪ್ಪಲೇಬೇಕಾಯಿತು.

ಭಾನುವಾರ ದೋಣಿಗೆ ಹುಟ್ಟು ಹಾಕಿದ್ದು ಮಾವ. ಸೀಸೆಗಳ ಹತ್ತಿರವೂ ಸುಳಿಯಲಿಲ್ಲ. ಸಂಜೆಗೆ ಫಲಿತಾಂಶ ಬಂತು: ಗುಡ್ಡದ ಬುಡದಿಂದ ಊರ ಕೆಳಗಿನ ಸೇತುವೆಯವರೆಗೂ ನದಿ ಸಿಹಿ. ಎಂಜಿನಿಯರ್ ಮುಖ ಹುಳಿ ಮಾಡಿಕೊಂಡೇ ಒಪ್ಪಿ ಸಹಿ ಹಾಕಿದರು.

ಮನೆ ಹತ್ತಿರ ಬಂದಾಗ ಮಾವ ಮೆಲ್ಲಗೆ ಕೇಳಿದರು: "ಮುಂದೆ ನದಿ ಉಪ್ಪಾದ್ರೆ ಯಾರೂ ನನ್ನ ಹೆಸರು ಹೇಳಲ್ಲ ತಾನೇ?"

"ಇಲ್ಲ ಮಾವ. ಇನ್ನು ಉಪ್ಪಾದ್ರೆ ಗೇಟು ಇಳಿಸಿದೋರೇ ಉತ್ತರ ಹೇಳ್ಬೇಕು."