ತೆರೆದಿಟ್ಟ ನಳ್ಳಿಗಳು

ನಮ್ಮೂರಿಗೆ ನೀರು ಬಿಡುತ್ತಿದ್ದ ಪಂಪಿನಣ್ಣನ ಬಲಗಿವಿಗೆ ಸದಾ ತುಕ್ಕಿನ ಕಂದು ಹತ್ತಿರುತ್ತಿತ್ತು. ಕಬ್ಬಿಣದ ಪೈಪಿಗೆ ಕಿವಿಯಾನಿಸಿ, ನೀರು ಎಲ್ಲಿಯವರೆಗೆ ಹೋಯಿತೆಂದು ಹೇಳುವುದು ಅವರ ಕ್ರಮ. "ಈಗ ಶಾಲೆಯ ತಿರುವು ದಾಟಿತು" ಎಂದರೆ ದಾಟಿತೇ.

ಪುಂಜಾಲಕಟ್ಟೆಯಿಂದ ಆಚೆಗಿನ ನಮ್ಮ ಗುಡ್ಡೆಯಲ್ಲಿ ನೀರು ಮುಟ್ಟದ ಜಾಗವೊಂದಿತ್ತು: ತುದಿಯ ಹನ್ನೊಂದು ಮನೆ. ಟ್ಯಾಂಕಿ, ಪೈಪು, ಹೊಸ ನಳ್ಳಿ ಎಲ್ಲ ಬಂದ ಮೇಲೂ ಅವರು ಕುಡಿಯುತ್ತಿದ್ದುದು ಪಾಳುಬಿದ್ದ ಕಲ್ಲುಕೋರೆಯಲ್ಲಿ ನಿಂತ ನೀರು. ಮಕ್ಕಳಿಗೆ ಸರದಿಯಂತೆ ಕಾಮಾಲೆ. ನನ್ನ ತರಗತಿಯ ಹಾಜರಿ ಪುಸ್ತಕವೇ ಸಾಕ್ಷಿ. ಇಂಜಿನಿಯರರು ಬಂದು, "ಒತ್ತಡ ಸಾಲುವುದಿಲ್ಲ. ಸೋಮವಾರ ನೀರು ಹತ್ತದಿದ್ದರೆ ತುದಿಯ ಲೈನು ಕೈಬಿಡುತ್ತೇವೆ" ಎಂದರು. ನಾನು ಎಂದಿನಂತೆ ಚಿಂತಿಸಿದೆ. ಚಿಂತೆ ಮಾಡಿದರೆ ಅರ್ಧ ಕೆಲಸ ಮಾಡಿದಂತೆ ಎಂಬುದು ನನ್ನ ಹಳೆಯ ನಂಬಿಕೆ.

ಪಂಪಿನಣ್ಣ ಚಿಂತಿಸಲಿಲ್ಲ. ಭಾನುವಾರ ಬೆಳಿಗ್ಗೆ ಪೈಪಿಗೆ ಕಿವಿಯಿಡುತ್ತಾ ನಡೆದರು. ನಡೆದು ನಡೆದು ನನ್ನ ಅಂಗಳಕ್ಕೇ ಬಂದರು.

"ಮಾಷ್ಟ್ರೇ, ನಿಮ್ಮ ನಳ್ಳಿ ಯಾಕೆ ತೆರೆದು ಉಂಟು?"

"ನೀರು ಬಂದದ್ದು ಗೊತ್ತಾಗ್ಬೇಕಲ್ಲ! ಕೊಡಪಾನಕ್ಕೆ ಬೀಳುವ ಸದ್ದು ಕೇಳಿದ್ರೆ..."

"ಕೊಡಪಾನ ತುಂಬಿ ಬಸಳೆ ಬುಡಕ್ಕೆ ಹೋಗ್ತಾ ಉಂಟು ಮಾರಾಯ್ರೆ. ನೀರು ಉಳಿಸಿ ಅಂತ ಮಕ್ಕಳಿಗೆ ಪಾಠ ಮಾಡುವುದು ನೀವೇ ಅಲ್ವಾ?"

ಊರಿಡೀ ಅದೇ ಕ್ರಮ. ಹೇಳದೆ ಬಂದು ಹೇಳದೆ ಹೋಗುವ ನೀರನ್ನು ವರ್ಷಗಟ್ಟಲೆ ಕಾದವರು ನಾವು. ನಳ್ಳಿ ಮುಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಕೆಳಗೆ ಅಷ್ಟೊಂದು ನಳ್ಳಿಗಳು ಬಾಯಿ ತೆರೆದು ಕೂತರೆ ನೀರು ಗುಡ್ಡೆ ಹತ್ತುವುದು ಹೇಗೆ?

"ಚಿಂತೆ ಆಮೇಲೆ ಮಾಡುವ, ಈಗ ಬನ್ನಿ" ಎಂದು ನನ್ನನ್ನೂ ಮನೆಮನೆಗೆ ಎಳೆದುಕೊಂಡು ಹೋದರು. ಎಲ್ಲರಿಗೂ ಒಂದೇ ಮಾತು: "ನಾಳೆ ನಳ್ಳಿ ಮುಚ್ಚಿಡಿ ಅಕ್ಕ. ಮೇಲಿನವರಿಗೆ ತುಂಬಿದ ಕೂಡ್ಲೇ ನಾನು ಕೂ ಹಾಕ್ತೇನೆ, ಆಗ ತೆರೆಯಿರಿ."

"ಅಷ್ಟರಲ್ಲಿ ನೀರು ಮುಗಿದ್ರೆ ನಿಮ್ಮ ಮಂಡೆಯಿಂದ ತರುವುದಾ?" ಎಂದರು ಅಂಗಡಿಯ ಅಕ್ಕ.

"ಮುಗಿದ್ರೆ ನಿಮ್ಮ ಕೊಡಪಾನ ನಾನೇ ಹೊರ್ತೇನೆ."

ಸೋಮವಾರ ಪಂಪು ಶುರುವಾಯಿತು. ಊರೆಲ್ಲ ನಳ್ಳಿ ಮುಚ್ಚಿ ಕಾದಿತ್ತು. ಇಂಜಿನಿಯರರು ಗಡಿಯಾರ ನೋಡಿದರು. ಪೈಪು ಎಲ್ಲೆಲ್ಲಿ ಒಡೆಯಬಹುದೆಂದು ನಾನು ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ಆಗ ಗುಡ್ಡೆಯ ನೆತ್ತಿಯಿಂದ, ತುದಿಮನೆಯ ಅಜ್ಜಿಯ ಗಂಟಲಿನಿಂದ, ಎದ್ದಿತು ನೋಡಿ ಒಂದು "ಕೂ...!" ಹಿಂದೆಯೇ ಹನ್ನೊಂದು ಮನೆಯ ಕೂಗು, ಕೊಡಪಾನಗಳ ಸದ್ದು.

ಪಂಪಿನಣ್ಣ ಕಿವಿ ಒರೆಸಿಕೊಂಡು ನಕ್ಕರು. "ಕೇಳಿತಾ ಮಾಷ್ಟ್ರೇ? ಇದಕ್ಕೆ ಪೈಪಿಗೆ ಕಿವಿ ಇಡ್ಬೇಕಂತ ಇಲ್ಲ." ಮೇಲಿನವರ ಕೊಡಪಾನಗಳೆಲ್ಲ ತುಂಬಿದ ಬಳಿಕ ಕೆಳಗಿನವರಿಗಾಗಿ ತಾವೂ ಒಂದು ಕೂ ಹಾಕಿದರು. ಮಾತು ಮಾತೇ.

ಕಳೆದ ವರ್ಷ ಪಂಪಿನಣ್ಣ ತೀರಿಕೊಂಡಾಗ ಆ ಅಜ್ಜಿ ತನ್ನ ನಳ್ಳಿಯ ನೀರನ್ನು ತಂಬಿಗೆಯಲ್ಲಿ ಹಿಡಿದು ಗುಡ್ಡೆಯಿಳಿದು ಬಂದರು. ಪಂಪಿನಣ್ಣನ ಬಾಯಿಗೆ ಬಿಟ್ಟ ಕೊನೆಯ ನೀರು ಅದೇ. ಕೋರೆಗೆ ಈಗ ಯಾರೂ ಕೊಡ ಹಿಡಿದು ಇಳಿಯುವುದಿಲ್ಲ. ಗುಡ್ಡೆಯ ಮಕ್ಕಳು ದಿನಾ ತರಗತಿಗೆ ಬಂದು ನನ್ನ ತಲೆ ತಿನ್ನುತ್ತಾರೆ. ನಾನಾದರೋ ದಿನಕ್ಕೆ ಮೂರು ಬಾರಿ ಎದ್ದು ಹೋಗಿ ನಳ್ಳಿ ಮುಟ್ಟಿ ನೋಡುತ್ತೇನೆ, ಮುಚ್ಚಿದೆ ತಾನೇ ಎಂದು.