ಮಾನೇಸರ್‌ನಿಂದ ಕುಂಡ್ಲಿಗೆ, ಸವೆದ ಟೈರುಗಳ ಮೇಲೆ

ಬೆಳಗಾಗುತ್ತಲೇ ರೋಹಿಣಿ ಬಡಾವಣೆಯ ನನ್ನ ಮನೆ ಬಿಟ್ಟೆ. ಗುರುಗ್ರಾಮದವರೆಗೆ ಮೆಟ್ರೊ, ಅಲ್ಲಿಂದ ಶೇರ್ ಆಟೊ. ಮಾನೇಸರ್ ತಲುಪುವಷ್ಟರಲ್ಲಿ ಮೇ ತಿಂಗಳ ಬಿಸಿಲು ಆಗಲೇ ಬೆನ್ನು ಸುಡುತ್ತಿತ್ತು. ಅಲ್ಲಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ನಾನು ಲಾರಿಗಳ ದುರಸ್ತಿ ನೋಡಿಕೊಳ್ಳುವ ಎಂಜಿನಿಯರ್. ಲಾರಿಯೊಳಗೆ ಕೂತು ಊರು ಬಿಟ್ಟದ್ದು ಮಾತ್ರ ಅಂದೇ ಮೊದಲು.

ಹೊರಟದ್ದು ಮೆಹಬೂಬ್ ಭಾಯಿಯ ಕೆಲಸ ಉಳಿಸಲು. ಬೀದರ್ ಕಡೆಯವರಾದ ಅವರು ಓಡಿಸುವ ಲಾರಿಯ ಮುಂದಿನ ಎರಡೂ ಟೈರುಗಳು ಹೊರ ಅಂಚಿನಲ್ಲಿ ಮಾತ್ರ ಸವೆಯುತ್ತಿದ್ದವು. ಒಳ ಅಂಚು ಹೊಸದರಂತೆಯೇ ಇತ್ತು. ಹೀಗೆ ಹಾಳಾಗುತ್ತಿರುವುದು ಇದು ಮೂರನೇ ಜೋಡಿ. ಡ್ರೈವರ್ ತಿರುವಿನಲ್ಲಿ ಅಡ್ಡಾದಿಡ್ಡಿ ಎಳೆಯುತ್ತಾನೆ, ನಾಳೆಯಿಂದ ಅವನು ಬೇಡ ಎಂದು ವರ್ಕ್‌ಶಾಪಿನ ಮೇಲ್ವಿಚಾರಕ ತ್ಯಾಗಿ ತೀರ್ಮಾನಿಸಿಬಿಟ್ಟಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸವೆದ ಟೈರನ್ನು ಹಿಂದಿನ ಚಕ್ರಕ್ಕೆ ಹಾಕಿ, ಮುಂದಕ್ಕೆ ಹೊಸದು ತೊಡಿಸುವುದು ನಮ್ಮ ವರ್ಕ್‌ಶಾಪಿನ ಪದ್ಧತಿ. ಹಾಗೆ ಮಾಡಿದ ಮೇಲೆ ಯಾಕೆ ಸವೆಯಿತು ಎಂದು ಯಾರೂ ಕೇಳುವುದಿಲ್ಲ. ಈ ಸಲ ಟೈರು ಬಿಚ್ಚಕೂಡದು, ಅವರು ಓಡಿಸುವುದನ್ನು ನಾನೇ ಕೂತು ನೋಡುತ್ತೇನೆ ಎಂದು ಹಿಂದಿನ ದಿನವೇ ಜಗಳ ಮಾಡಿ ತಡೆದಿದ್ದೆ.

"ಮೇಡಂ ಲಾರೀಲಿ ಕೂರ್ತಾರಾ? ಕಾರು ಕಳಿಸ್ತೀನಿ," ಎಂದು ತ್ಯಾಗಿ ಹಿಂದಿಯಲ್ಲಿ ಹೇಳಿ ನಕ್ಕ.

"ಸವೆದಿರೋದು ಕಾರಿನ ಟೈರಲ್ಲ," ಎಂದು ಹತ್ತಿ ಕೂತೆ.

ಹತ್ತುವ ಮುಂಚೆ, ಟೈರು ಇನ್ನೂ ತಣ್ಣಗಿರುವಾಗಲೇ ಗಾಳಿ ಅಳೆದಿದ್ದೆ. ಸರಿಯಾಗಿತ್ತು. ಗಾಳಿ ಕಡಿಮೆಯಾದರೆ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಭಾಗ. ಇಲ್ಲಿನ ಕಥೆ ಬೇರೆಯೇ ಇತ್ತು.

ಮಾನೇಸರ್‌ನಿಂದ ಕುಂಡ್ಲಿಗೆ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಸುಮಾರು ಎಂಬತ್ತು ಕಿಲೋಮೀಟರ್. ಬೆನ್ನ ಹಿಂದೆ ಲಾರಿ ತುಂಬ ಕಾರಿನ ಬಿಡಿಭಾಗಗಳು, ಎರಡೂ ಕಡೆ ಕೊಯ್ಲಾದ ಗೋಧಿ ಹೊಲಗಳು, ಮುಖಕ್ಕೆ ರಾಚುವ ಧೂಳು. ಮೆಹಬೂಬ್ ಭಾಯಿ ಪ್ರತಿ ತಿರುವಿನಲ್ಲೂ ಮದುಮಗಳನ್ನು ಕೂರಿಸಿಕೊಂಡವರಂತೆ ನಿಧಾನಿಸುತ್ತಿದ್ದರು. ನಾನು ಪಕ್ಕದಲ್ಲಿದ್ದೇನೆಂದು ನಟಿಸುತ್ತಿದ್ದಾರೇನೋ ಎಂಬ ಅನುಮಾನ ನನಗೂ ಬಂದಿತ್ತು.

"ನಂದೇ ತಪ್ಪು ಅಂತ ಗೊತ್ತಾದ್ರೆ ಏನ್ಮಾಡ್ತೀರಿ ಮೇಡಂ?" ಎಂದರು.

"ಅದನ್ನೂ ಹೇಳ್ತೀನಿ ಭಾಯ್."

"ಅಚ್ಛಾ. ಹೇಳ್ರಿ. ಆದ್ರೆ ನೋಡಿ ಹೇಳ್ರಿ. ಇಲ್ಲೀವರೆಗೆ ಯಾರೂ ನೋಡೇ ಇಲ್ಲ."

ದಾರಿಯ ಢಾಬಾದಲ್ಲಿ ಆಲೂ ಪರಾಠಾ, ಮೊಸರು ತಿಂದೆವು. ಕೈ ತೊಳೆದವಳೇ ಮುಂದಿನ ಟೈರಿನ ಬಳಿ ಕೂತು, ಕಾದ ರಬ್ಬರಿನ ಮೇಲೆ ಅಂಗೈ ಸವರಿದೆ. ಹೊರಗಿನಿಂದ ಒಳಕ್ಕೆ ಸವರಿದರೆ ನಯ, ಒಳಗಿನಿಂದ ಹೊರಕ್ಕೆ ಸವರಿದರೆ ಚುಚ್ಚುತ್ತಿತ್ತು. ಇನ್ನೊಂದು ಟೈರೂ ಹಾಗೆಯೇ. ಎರಡೂ ಚಕ್ರಗಳು ಮೂತಿ ಒಳಕ್ಕೆ ತಿರುಗಿಸಿಕೊಂಡು ರಸ್ತೆಯನ್ನು ಉಜ್ಜುತ್ತಾ ಓಡಿದರೆ ಮಾತ್ರ ಹೀಗಾಗುತ್ತದೆ; ಅದು ಓಡಿಸುವವರ ತಪ್ಪಲ್ಲ. ನಟನೆಯ ಅನುಮಾನ ಅಲ್ಲಿಗೆ ಮುಗಿಯಿತು. ನನಗೆ ಸಿಟ್ಟು ನೆತ್ತಿಗೇರಿತು.

ಕುಂಡ್ಲಿಯ ಗೋದಾಮಿನಲ್ಲಿ ಸರಕು ಇಳಿಸುವ ಮೊದಲೇ ಟೈರುಗಳ ಮಧ್ಯಕ್ಕೆ ಸೀಮೆಸುಣ್ಣದ ಗುರುತು ಹಾಕಿ ಟೇಪು ಹಿಡಿದೆ. ಚಕ್ರಗಳ ನಡುವಿನ ಅಂತರ ಹಿಂಬದಿಗಿಂತ ಮುಂಬದಿಯಲ್ಲಿ ಒಂದು ಬೆರಳಿನಷ್ಟು ಕಡಿಮೆಯಿತ್ತು. ಮೆಹಬೂಬ್ ಭಾಯಿ ಸ್ಟೀರಿಂಗನ್ನು ಅತ್ತಿತ್ತ ಅಲುಗಿಸಿದರು, ನಾನು ಲಾರಿಯಡಿಗೆ ಬಗ್ಗಿದೆ. ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿಯ ಕೀಲು ಸಡಿಲ ಹಲ್ಲಿನಂತೆ ಆಡುತ್ತಿತ್ತು. ಗ್ರೀಸ್ ಕಂಡು ಅದಕ್ಕೆ ಎಷ್ಟು ಕಾಲವಾಗಿತ್ತೋ.

ಖಾಲಿ ಲಾರಿಯಲ್ಲಿ ಮಾನೇಸರ್‌ಗೆ ಮರಳಿದಾಗ ತ್ಯಾಗಿ ಹೊಸ ಟೈರುಗಳನ್ನು ಉರುಳಿಸಿಕೊಂಡು ಕಾದಿದ್ದ. "ಚಲೋ, ಹಳೇದನ್ನ ಹಿಂದಕ್ಕೆ ಹಾಕಿ," ಎಂದ.

ನಾನು ಚಕ್ರಕ್ಕೆ ಅಡ್ಡ ನಿಂತೆ. "ಚಕ್ರ ನೇರ ಮಾಡೋ ಅಲೈನ್‌ಮೆಂಟ್ ಹೇಗೆ ಮಾಡ್ತೀರಿ?"

"ಎಲ್ಲರೂ ಮಾಡೋ ಹಾಗೆ. ಜಾಕ್ ಹಾಕಿ ಎತ್ತಿದ್ರೆ ಚಕ್ರ ಹಗುರಾಗಿ ತಿರುಗುತ್ತೆ."

"ಲಾರಿ ಗಾಳೀಲಿ ಓಡುತ್ತಾ ತ್ಯಾಗೀಜಿ? ಕೀಲು ಸಡಿಲ ಇದೆ. ಎತ್ತಿದಾಗ ಲೆಕ್ಕ ಸರಿ ಬರುತ್ತೆ, ನೆಲಕ್ಕಿಳಿದು ಓಡಿದಾಗ ಕೆಡುತ್ತೆ."

ಅವನ ಅಂಗೈ ಹಿಡಿದು ಟೈರಿನ ಮೇಲೆ ಎಳೆದೆ, ಮೊದಲು ಒಳಕ್ಕೆ, ಆಮೇಲೆ ಹೊರಕ್ಕೆ. ಚುಚ್ಚಿದ್ದಕ್ಕೆ ಕೈ ಹಿಂದೆಗೆದುಕೊಂಡ.

ಕೀಲು ಬದಲಾಯಿತು. ಲಾರಿಯನ್ನು ನೆಲದ ಮೇಲೇ ನಿಲ್ಲಿಸಿ, ಸರಕು ಹೇರಿಸಿ, ಅಳತೆ ಸರಿ ಮಾಡಿಸಿದೆ. ಇನ್ನು ವಾರಕ್ಕೊಮ್ಮೆ ಟೈರಿಗೆ ಅಂಗೈ, ಕೀಲಿಗೆ ಗ್ರೀಸ್ ಎಂದು ಎಲ್ಲರೆದುರಿಗೇ ಹೇಳಿದೆ. ಹಳೆಯ ಟೈರುಗಳಲ್ಲಿ ಓಡಿಸುವಷ್ಟು ರಬ್ಬರು ಇತ್ತು.

"ಈಗಲಾದ್ರೂ ಹೊಸ ಟೈರು ಹಾಕೋಣವಾ?" ಎಂದ ತ್ಯಾಗಿ, ತುಸು ಮೆತ್ತಗೆ.

"ಬೇಡ. ಇವೇ ಮುಂದೆ ಇರಲಿ. ಸವೆತ ನಿಂತದ್ದು ಎಲ್ಲರಿಗೂ ಕಾಣಬೇಕು. ಓಡಿಸೋರೂ ಬದಲಾಗೋದಿಲ್ಲ."

ಆಟೊ ಹತ್ತಿ ತಿರುಗಿ ನೋಡಿದೆ. ಸವೆದ ಟೈರುಗಳನ್ನು ಮುಂದಿಟ್ಟುಕೊಂಡೇ ಲಾರಿ ಗೇಟು ದಾಟುತ್ತಿತ್ತು. ಸ್ಟೀರಿಂಗ್ ಮೆಹಬೂಬ್ ಭಾಯಿಯ ಕೈಯಲ್ಲೇ ಇತ್ತು.