ಮೈದಾನ್ ಹವಲ್ಲಿಯಲ್ಲಿ ಸುಟ್ಟ ಪೆಟ್ಟಿಗೆ

ಆ ಪೆಟ್ಟಿಗೆಯನ್ನು ಯಾವ ಸೈನಿಕನೂ ಕಸಿದುಕೊಳ್ಳಲಿಲ್ಲ. ಅದರಲ್ಲಿದ್ದುದನ್ನೆಲ್ಲ ಸುಟ್ಟವನು ನಾನು — ಕೈಯಾರೆ, ಹಾಡುಹಗಲಿನಲ್ಲಿ, ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಕಟ್ಟಡದ ತಾರಸಿಯ ಮೇಲೆ. ಇಷ್ಟು ವರ್ಷ ಎಲ್ಲರಿಗೂ ಬೇರೆಯೇ ಕತೆ ಹೇಳಿಕೊಂಡು ಬಂದಿದ್ದೇನೆ.

ನಾನು ಕಾರ್ಕಳದ ಕಡೆಯವನು, ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಮೀನಾ ಅಲ್ ಅಹ್ಮದಿಯ ತೈಲ ಘಟಕದಲ್ಲಿ ಪೈಪ್ ಫಿಟ್ಟರ್ ಆಗಿದ್ದೆ. ನಾನು ಬಿಗಿದ ಜೋಡಣೆ ಒಂದೂ ಸೋರಿದ್ದಿಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ — ಜಂಬವೇ.

ನಮ್ಮ ಎಂಜಿನಿಯರ್ ಎವರೆಟ್ ಎಂಬ ಅಮೆರಿಕದವರು, ಸಾಲ್ಮಿಯಾದಲ್ಲಿ ಒಬ್ಬರೇ ಇದ್ದರು. ಅವರ ಊರು ಜೋಳದ ಹೊಲಗಳ ನಡುವಿನ ಒಂದು ಕೌಂಟಿ, ನಮ್ಮ ಒಂದು ತಾಲೂಕಿನಷ್ಟು ಇರಬಹುದು. ಅಲ್ಲಿನ ಕೋರ್ಟಿನ ಕಟ್ಟಡ ಹಿಂದೆಂದೋ ಬೆಂಕಿಗೆ ಸಿಕ್ಕಿ, ಜನನ, ಮದುವೆ, ಮರಣಗಳ ದಾಖಲೆಗಳೆಲ್ಲ ಹೋಗಿದ್ದವು. ಎವರೆಟ್ ರಜೆಯಲ್ಲಿ ಹೋದಾಗಲೆಲ್ಲ ಸವೆದ ಗೋರಿಕಲ್ಲುಗಳನ್ನು ಉಜ್ಜಿ ಓದಿ, ಹಾಸಿಗೆ ಹಿಡಿದ ಮುದುಕಿಯರ ಪಕ್ಕ ಕೂತು ಕೇಳಿ, ಹೆಸರುಗಳನ್ನು ಕಾರ್ಡುಗಳಲ್ಲಿ ಬರೆದು ತರುತ್ತಿದ್ದರು. ಮುಂದಿನ ರಜೆಗೆ ಹೋಗುವಷ್ಟರಲ್ಲಿ ಆ ಮುದುಕಿಯರಲ್ಲಿ ಒಬ್ಬಿಬ್ಬರು ಇರುತ್ತಿರಲಿಲ್ಲ. ಉಳಿಯುತ್ತಿದ್ದುದು ಕಾರ್ಡು ಮಾತ್ರ.

ಎರಡು ವರ್ಷ, ಪ್ರತಿ ಶುಕ್ರವಾರ, ನಾನು ಅವರ ಮನೆಗೆ ಹೋಗಿ ಆ ಕಾರ್ಡುಗಳನ್ನು ಜೋಡಿಸಿಕೊಟ್ಟೆ. ಇಂಗ್ಲಿಷ್ ಅಕ್ಷರ ಒಂದೊಂದಾಗಿ ಕೂಡಿಸಿ ಓದುವಷ್ಟು ಬರುತ್ತಿತ್ತು. ಒಮ್ಮೆ ಕೇಳಿದೆ, "ಎಲ್ಲಾ ಅಪ್ಪನ ಹೆಸರಲ್ಲೇ ಯಾಕೆ ಸಾರ್? ಅಪ್ಪ ಯಾರು ಅಂತ ಹೇಳೋದೂ ಅಮ್ಮನೇ ಅಲ್ವಾ?"

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಡೇಂಜರಸ್ ಮ್ಯಾನ್!" ಎಂದರು. ನಮ್ಮಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ. ನಾನು ಹುಟ್ಟಿದ ಮನೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅಕ್ಕನಿಗೆ ಬಂದದ್ದು. ಅದನ್ನು ವಿವರಿಸಿದೆ. ಅವರು ಅದನ್ನೂ ಬರೆದುಕೊಂಡರು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಅಮೆರಿಕದವರನ್ನು ಹುಡುಕಿ ಹಿಡಿಯತೊಡಗಿದರು. ಎವರೆಟ್ ಎರಡು ತಗಡಿನ ಪೆಟ್ಟಿಗೆಗಳೊಂದಿಗೆ ನಮ್ಮ ಕೋಣೆ ಸೇರಿದರು. ದೊಡ್ಡದರಲ್ಲಿ ಅವರ ತಂದೆಯ ಕಡೆಯವರು, ಜೊತೆಗೆ ಆ ಕೌಂಟಿಗೆ ಮೊದಲು ಬಂದು ನೆಲೆನಿಂತ ಕುಟುಂಬಗಳೆಲ್ಲ. ಚಿಕ್ಕದರಲ್ಲಿ ತಾಯಿಯ ಕಡೆಯವರು. ಅವರು ಎಷ್ಟೋ ಕಾಲದ ಮೇಲೆ ಅಲ್ಲಿಗೆ ಬಂದವರು. ನನ್ನ ಜೊತೆ ಕೋಣೆಯಲ್ಲಿದ್ದವನು ಹೋಟೆಲಿನ ಶೇಖರ. ಹನ್ನೊಂದು ದಿನ ನಾವಿಬ್ಬರೂ ಸಾಹೇಬರನ್ನು ಬಚ್ಚಿಟ್ಟು ಕಾದೆವು. ಅದು ಸುಳ್ಳಲ್ಲ.

ಹನ್ನೆರಡನೆಯ ದಿನ ಅವರ ಪರಿಚಯದವರು ಬೇರೊಂದು ಅಡಗುತಾಣ ಹೊಂದಿಸಿದರು. ನನಗೂ ಶೇಖರನಿಗೂ ಜೋರ್ಡಾನಿನ ಅಮ್ಮಾನಿಗೆ ಹೋಗುವ ಬಸ್ಸಿನಲ್ಲಿ ಜಾಗ ಸಿಕ್ಕಿತ್ತು. ಹೊರಬಹುದಾದದ್ದು ಒಂದೇ ಪೆಟ್ಟಿಗೆ.

"ಮೈ ಫ್ಯಾಮಿಲಿ ಬಾಕ್ಸ್ ಲೇ ಜಾವ್, ಭಾಯಿ," ಎಂದರು ಎವರೆಟ್. "ದೂಸರಾ ಜಲಾ ದೋ." ಇನ್ನೊಂದನ್ನು ಸುಟ್ಟುಬಿಡಬೇಕು, ಇಲ್ಲಿ ಸಿಕ್ಕಿದರೆ ಈ ಕಟ್ಟಡದವರಿಗೆ ಅಪಾಯ ಎಂದು. ಮೆಟ್ಟಿಲ ಬಳಿ ತಿರುಗಿ ನಿಂತು ಮತ್ತೆ ಕೇಳಿದರು, "ಯೂ ನೋ ವಿಚ್ ಒನ್?"

"ಐ ನೋ, ಸಾರ್."

ಎರಡು ವರ್ಷ ಜೋಡಿಸಿದವನನ್ನು ಕೇಳುವ ಪ್ರಶ್ನೆಯೇ ಅದು — ಎಂಬಂತೆ ಮುಖ ಗಂಟಿಕ್ಕಿಕೊಂಡೇ ಹೇಳಿದೆ. ಅವರು ಇಳಿದು ಹೋದರು.

ನಾನು ಚಿಕ್ಕ ಪೆಟ್ಟಿಗೆಯನ್ನು ತೆಗೆದಿಟ್ಟುಕೊಂಡೆ. ಗಂಡಸಿನ ಮನೆತನವೆಂದರೆ ಅವನ ತಾಯಿಯದು. ಕೈ ಅದರ ಮೇಲೆಯೇ ಹೋಯಿತು. ಅವರ ಲೆಕ್ಕ ತಂದೆಯಿಂದ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ — ಒಂದು ಕ್ಷಣವೂ ನಿಂತು ಯೋಚಿಸಲಿಲ್ಲ.

ದೊಡ್ಡದನ್ನು ತಾರಸಿಗೆ ಒಯ್ದು, ಎಣ್ಣೆಯ ಡಬ್ಬದಲ್ಲಿ ಹಿಡಿಹಿಡಿಯಾಗಿ ಹಾಕಿದೆ. ಶೇಖರ ಬೆಂಕಿ ಕೆದಕುತ್ತ, "ಎಂತ ಮಾರಾಯ, ಜನ ಟಿವಿ, ಫ್ರಿಜ್ಜು ಬಿಟ್ಟು ಓಡ್ತಾ ಇದ್ದಾರೆ. ನೀನು ಅಮೆರಿಕದ ಸತ್ತವರನ್ನು ಹೊತ್ಕೊಂಡು ಬರ್ತೀಯಾ? ಅವ್ರಿಗೂ ಬಸ್ಸಲ್ಲಿ ಸೀಟು ಉಂಟಾ?" ಎಂದ. ಇಬ್ಬರೂ ನಕ್ಕೆವು. ಒಳ್ಳೆಯ ದಪ್ಪ ಕಾಗದ, ನಿಧಾನ ಉರಿಯಿತು. ಓದಿ ನೋಡಲು ಸಮಯವಿತ್ತು, ನೋಡಲಿಲ್ಲ.

ತಪ್ಪು ಗೊತ್ತಾದದ್ದು ಜೋರ್ಡಾನಿನ ನಿರಾಶ್ರಿತರ ಡೇರೆಯಲ್ಲಿ. ಪೆಟ್ಟಿಗೆಗೆ ಮರಳು ಹೊಕ್ಕಿತ್ತು, ಕೊಡವಲು ತೆರೆದೆ. 'ನನ್ನ ಜನ' ಎನ್ನುತ್ತ ಎವರೆಟ್ ಯಾವಾಗಲೂ ಬೆರಳಿಟ್ಟು ತೋರಿಸುತ್ತಿದ್ದ ಹೆಸರು ಒಂದು ಕಾರ್ಡಿನಲ್ಲೂ ಇರಲಿಲ್ಲ. ಎಲ್ಲ ಕಾರ್ಡುಗಳನ್ನೂ ನೋಡಿದೆ. ಮತ್ತೆ ಜೋಡಿಸಿಟ್ಟೆ, ಸರಿಯಾದ ಕ್ರಮದಲ್ಲೇ.

ಎವರೆಟ್ ಕೊನೆಗೂ ಸಿಕ್ಕಿಬಿದ್ದು, ಚಳಿಗಾಲದಲ್ಲಿ ಬಿಡುಗಡೆಯಾಗಿ ಊರು ಸೇರಿದರು. ತೊಂಬತ್ತೊಂದರ ಮೊದಲಲ್ಲಿ ಅವರ ಪತ್ರ ಬಂತು. ನಾನು ಉತ್ತರ ಬರೆಸಿದೆ: ಎರಡೂ ಪೆಟ್ಟಿಗೆ ಹೊತ್ತು ಹೊರಟಿದ್ದೆ, ಬಸ್ರಾ ದಾರಿಯ ತಪಾಸಣೆಯಲ್ಲಿ ಸೈನಿಕರು ದೊಡ್ಡದನ್ನು ಕಸಿದುಕೊಂಡರು, ನಾನು ಜಗಳವಾಡಿದೆ. ಜಗಳದ ಮಾತು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದೆ. ಚಿಕ್ಕ ಪೆಟ್ಟಿಗೆಯನ್ನು ಅಂಚೆಯಲ್ಲಿ ಕಳಿಸಿದೆ.

ಅವರು ಅಷ್ಟನ್ನೇ ಇಟ್ಟುಕೊಂಡು ಪುಸ್ತಕ ಮಾಡಿದರು. ಮೊದಲ ಪುಟದಲ್ಲಿ ನನ್ನ ಹೆಸರು, ಮರುಭೂಮಿ ದಾಟಿಸಿದ ಗೆಳೆಯ ಎಂದು. ಆ ಪುಟವನ್ನು ನಮ್ಮ ಮನೆಗೆ ಬಂದವರೆಲ್ಲ ನೋಡಿದ್ದಾರೆ — ನಾನು ತೋರಿಸಿದ್ದೇನೆ.

ಎವರೆಟ್ ತೀರಿಕೊಂಡು ಬಹಳ ವರ್ಷವಾಯಿತು. ಈಗ ಬರೆಯುವವಳು ಅವರ ಮಗಳು ಎಲೆನ್. ಸೈನಿಕರು ಒಯ್ದದ್ದು ಎಲ್ಲೋ ಗೋದಾಮಿನಲ್ಲಿ ಉಳಿದಿರಬಹುದೆಂದು ಅಪ್ಪ ಸಾಯುವವರೆಗೂ ನಂಬಿದ್ದರಂತೆ. ಅವಳೂ ಹತ್ತಾರು ಕಚೇರಿಗಳಿಗೆ ಬರೆಯುತ್ತಿದ್ದಾಳೆ, ಒಮ್ಮೆ ಬಾಗ್ದಾದಿಗೂ ಹೋಗಿ ಬಂದಳಂತೆ. ನಾನು ತಪ್ಪು ಪೆಟ್ಟಿಗೆ ಸುಟ್ಟದ್ದು ಒಂದು ಮಧ್ಯಾಹ್ನದ ಕೆಲಸ. ಅವಳನ್ನು ಹೀಗೆ ಅಲೆಸಿದ್ದು ಅಷ್ಟೂ ವರ್ಷದ ಕೆಲಸ, ಪ್ರತಿ ಪತ್ರಕ್ಕೂ ಹೊಸದಾಗಿ ಮಾಡಿದ್ದು. ಕಳೆದ ತಿಂಗಳು ಕೇಳಿದ್ದಾಳೆ: ಅದು ಯಾವ ತಪಾಸಣಾ ಠಾಣೆ, ನೆನಪಿದೆಯೇ? ಪುಸ್ತಕದ ಹೊಸ ಮುದ್ರಣಕ್ಕೆ ನಿಮ್ಮದೊಂದು ಫೋಟೋ ಕಳಿಸುವಿರಾ?

ಫೋಟೋ ಕಳಿಸುವುದಿಲ್ಲ. ಇದನ್ನು ಕಳಿಸುತ್ತೇನೆ. ಇಂಗ್ಲಿಷಿಗೆ ತಿರುಗಿಸಬೇಕಾದವಳು ನನ್ನ ಮಗಳು. ಎವರೆಟ್ ಸಾಹೇಬರ ಪುಸ್ತಕದ ಮೊದಲ ಪುಟ ಅವಳಿಗೆ ಬಾಯಿಪಾಠವಾಗಿದೆ. ಪಕ್ಕದ ಕೋಣೆಯಲ್ಲಿ ಕೂತು ಈ ಹಾಳೆಗಳಿಗಾಗಿ ಕಾಯುತ್ತಿದ್ದಾಳೆ. ಇದರಲ್ಲಿ ಏನಿದೆಯೆಂದು ಅವಳಿಗಿನ್ನೂ ಗೊತ್ತಿಲ್ಲ.